ನಲವತ್ತು ನುಡಿಗಟ್ಟಿನ ಪಟ್ಟಿ ಮತ್ತು ನನ್ನ ಕೆಂಪು ಪೆನ್ನು

ಹೋದ ತಿಂಗಳು ಸೌಮ್ಯ ಎಂಬ ಹುಡುಗಿ ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದಳು. ಹರವೆಯ ಕಡೆ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಟೀಚರಾಗಿ ಹೊಸದಾಗಿ ಸೇರಿದ್ದಾಳೆ. ಹಿರಿಯರನ್ನು ಕಂಡು ನಾಲ್ಕು ಮಾತು ಕೇಳಿಕೊಂಡು ಹೋಗೋಣ ಅಂತ ಬಂದದ್ದು. ಕಾಫಿ ಲೋಟ ಕೈಗೆ ಕೊಡುವುದಕ್ಕೆ ಮುಂಚೆಯೇ ಕೇಳಿದಳು: "ಮೇಡಂ, ನಲವತ್ತು ಈಡಿಯಮ್ಸು, ಫ್ರೇಸಲ್ ವರ್ಬ್ಸು ಇರೋ ಲಿಸ್ಟ್ ಒಂದು ನೀವು ಮಾಡಿದ್ರಂತೆ. ಅದನ್ನ ಬಾಯಿಪಾಠ ಮಾಡಿಸಿಬಿಟ್ರೆ ಸಾಕು ಅಂತಾರೆ ಎಲ್ಲಾ. ಒಂದು ಕಾಪಿ ಕೊಡ್ತೀರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಆ ಲಿಸ್ಟಿನ ಹೆಸರು ನನ್ನ ಮುಂದೆ ಎತ್ತಬೇಡ ಕಣಮ್ಮ" ಎಂದೆ. ಪಾಪ, ಆ ಹುಡುಗಿ ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದಳು. ಅವಳ ಮೇಲೆ ರೇಗಿದ್ದು ತಪ್ಪು. ಅವಳಿಗೆ ಹೇಳಬೇಕಾದ್ದನ್ನು, ಅವಳಂತೆ ಈಗ ಚಾಕ್‌ಪೀಸ್ ಹಿಡಿಯುತ್ತಿರುವ ಎಲ್ಲರಿಗೂ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಕಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಬೇಕಾಗಿಲ್ಲ. ಅದರಿಂದ ಯಾವ ಮಗುವಿಗೂ ಒಂದಕ್ಷರ ಹೆಚ್ಚಿಗೆ ಬರಲಿಲ್ಲ.

ನನ್ನ ಹೆಸರು ಮಂಗಳಮ್ಮ, ಊರು ಕುದೇರು. ಗುಂಡ್ಲುಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟೆ. ಶಾಲೆಯ ಹೆಸರು ಬರೆಯುವುದಿಲ್ಲ. ಸೇರಿದ ಹೊಸದರಲ್ಲಿ ನನಗೆ ಇಂಗ್ಲಿಷಿನ ನುಡಿಗಟ್ಟುಗಳನ್ನು ಕಂಡರೆ ಭಯ. ಪದ ಪದವಾಗಿ ಬಿಡಿಸಿದರೆ ಒಂದೂ ಕೈಗೆ ಸಿಗುವುದಿಲ್ಲ. 'ಲುಕ್' ಅಂದರೆ ನೋಡು, 'ಆಫ್ಟರ್' ಅಂದರೆ ಆಮೇಲೆ, 'ಲುಕ್ ಆಫ್ಟರ್' ಅಂದರೆ ಆಮೇಲೆ ನೋಡು ಅಂತಲ್ಲ, ಆರೈಕೆ ಮಾಡು ಅಂತ. ಇದನ್ನು ಬೇಗೂರಿನಿಂದ ಬೆಳಿಗ್ಗೆ ಬಸ್ಸಿಗೆ ಜೋತು ಬಿದ್ದು ಬರುವ ಮಕ್ಕಳಿಗೆ ಹೇಗೆ ಹೇಳುವುದು?

ದಾರಿ ತೋರಿಸಿದವಳು ನಮ್ಮವ್ವ. ಅಕ್ಷರ ಬಾರದವಳು. ಒಂದು ಭಾನುವಾರ ಕುದೇರಿನಲ್ಲಿ ನಾನು ಪುಸ್ತಕ ಹಿಡಿದು ತಲೆ ಕೆಡಿಸಿಕೊಂಡಿದ್ದೆ. ನನ್ನ ತಮ್ಮ ಒಂದು ಹೆಣ್ಣು ನೋಡಿ ಬಂದು ಹೂಂ ಅನ್ನದೆ, ಊಹೂಂ ಅನ್ನದೆ ಕೂತಿದ್ದ. ಅವ್ವ ಅವನಿಗೆ ಗದರಿದಳು: "ಅಡ್ಡಗ್ವಾಡೆ ಮ್ಯಾಲೆ ದೀಪ ಮಡಗಬ್ಯಾಡ ಕಣ್ಲಾ. ಒಪ್ಪಿದ್ರೆ ಒಪ್ಪು, ಬುಟ್ರೆ ಬುಡು." ನನ್ನ ಕೈಯಲ್ಲಿದ್ದ ಪುಟದಲ್ಲಿ 'ಸಿಟ್ ಆನ್ ದ ಫೆನ್ಸ್' ಎಂದಿತ್ತು. ಬೇಲಿಯ ಮೇಲೆ ಕೂತವನು, ಅಡ್ಡಗೋಡೆಯ ಮೇಲೆ ದೀಪ ಇಟ್ಟವನು, ಇಬ್ಬರೂ ಒಂದೇ ಜಾತಿ. ಇಷ್ಟೇ ತಾನೇ ಎನ್ನಿಸಿತು.

ಮಾರನೆಯ ದಿನದಿಂದ ತರಗತಿಯಲ್ಲಿ ನಾನು ಅರ್ಥ ಬರೆಸುವುದನ್ನು ಬಿಟ್ಟೆ. ನುಡಿಗಟ್ಟು ಬೋರ್ಡಿನ ಮೇಲೆ ಬರೆದು, ಅದು ಯಾವಾಗ ಬಾಯಿಗೆ ಬರುತ್ತದೆ ಎಂದು ಒಂದು ಪ್ರಸಂಗ ಹೇಳಿ, "ಇದಕ್ಕೆ ನಿಮ್ಮನೇಲಿ ಏನಂತಾರೆ?" ಎಂದು ಕೇಳುತ್ತಿದ್ದೆ. 'ಆಡ್ ಫ್ಯೂಯೆಲ್ ಟು ದ ಫೈರ್' ಅಂದರೆ ಇಡೀ ತರಗತಿ "ಉರಿಯೋ ಬೆಂಕಿಗೆ ತುಪ್ಪ ಸುರಿಯಾದು ಮಿಸ್" ಎನ್ನುತ್ತಿತ್ತು. 'ಬ್ರೇಕ್ ದ ಐಸ್' ಸ್ವಲ್ಪ ಕಷ್ಟವಾಯಿತು. ಗುರುತಿಲ್ಲದವರ ನಡುವೆ ಮೊದಲ ಮಾತು ಆಡಿ ಬಿಗಿ ಸಡಿಲ ಮಾಡುವುದು ಎಂದು ವಿವರಿಸಿದೆ. ಬೇಗೂರಿನ ಮಾದೇಶ ಎದ್ದು ನಿಂತ. "ಬಸ್ಸಲ್ಲಿ ಪಕ್ಕ ಕೂತೋರ್ನ, 'ಯಾವೂರಾಯ್ತು ಬುದ್ಧೀ?' ಅಂತ ಕೇಳ್ತೀವಲ್ಲ, ಅದಾ ಮಿಸ್?" ಇದಕ್ಕಿಂತ ಸರಿಯಾದ ಅರ್ಥ ನಾನು ಯಾವ ನಿಘಂಟಿನಲ್ಲೂ ಓದಿಲ್ಲ.

ಆ ವರ್ಷವೇ ತಪಾಸಣೆಗೆ ಒಬ್ಬ ಮಹಾನುಭಾವರು ಬಂದರು. ಮಕ್ಕಳಿಗೆ ಅದೇ ನುಡಿಗಟ್ಟು ಕೇಳಿದರು. ಮಾದೇಶ ಅದೇ ಉತ್ತರ ಕೊಟ್ಟ. ಅವರು ನಗಲೂ ಇಲ್ಲ. "ಉತ್ತರ ಪುಸ್ತಕದಲ್ಲಿರುವಂತೆ ಇಲ್ಲ, ಶಿಕ್ಷಕಿ ಕಾಲಹರಣ ಮಾಡುತ್ತಿದ್ದಾರೆ" ಎಂದು ವರದಿಯಲ್ಲಿ ಬರೆದು ಎಳನೀರು ಕುಡಿದು ಹೋದರು. ಪುಸ್ತಕದಲ್ಲಿರುವಂತೆ ಇಲ್ಲವಂತೆ. ಅರ್ಥ ಮಗುವಿನ ತಲೆಯಲ್ಲಿದ್ದರೆ ಸಾಲದು, ಪುಸ್ತಕದಲ್ಲಿ ಯಾವ ಸಾಲಿನಲ್ಲಿದೆಯೋ ಅದೇ ಸಾಲಿನಲ್ಲಿ ಇರಬೇಕು.

ಆದರೂ ನಾನು ಹಟ ಹಿಡಿದು ಹಾಗೆಯೇ ಪಾಠ ಮಾಡಿದೆ. ಬಹಳ ವರ್ಷಗಳ ಮೇಲೆ ನನ್ನ ಎಂಟನೇ ತರಗತಿಗೆ ಫರ್ಹಾನಾ ಬಂದಳು. ಪೇಟೆಯಲ್ಲಿ ನಮಗೆ ರವಿಕೆ ಹೊಲಿದುಕೊಡುತ್ತಿದ್ದ ಟೈಲರ್ ಅನ್ವರ್ ಭಾಯ್ ಅವರ ಮಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಪ್ಪನ ಅಂಗಡಿಗೆ ಬರುವ ಕೇರಳದವರ ಹತ್ತಿರ ಅಷ್ಟಿಷ್ಟು ಮಲಯಾಳ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ಬಲು ಅಪರೂಪಕ್ಕೆ ಎಂದು ನಾನು ಹೇಳಿದ ದಿನ ಅವಳು ಕೈ ಎತ್ತಿದಳು. "ಮಿಸ್, ತುಂಬಾ ದಿನ ಕಾಣದೇ ಇದ್ದೋರು ಮನೆಗೆ ಬಂದ್ರೆ ನಮ್ಮ ಅಮ್ಮೀ 'ಈದ್ ಕಾ ಚಾಂದ್' ಅಂತಾರೆ. ಅಲ್ಲೂ ಚಂದ್ರ ಇದಾನೆ, ಇಲ್ಲೂ ಚಂದ್ರ ಇದಾನೆ." ಇಡೀ ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮುಂದೆ ಇಂಗ್ಲಿಷ್ ಲೆಕ್ಚರರ್ ಆಗುತ್ತೇನೆ ಎನ್ನುತ್ತಿದ್ದಳು.

ಇಷ್ಟು ಹೊತ್ತಿಗೆ ನಮ್ಮಲ್ಲಿ ರಿಸಲ್ಟಿನ ಹುಚ್ಚು ಹತ್ತಿತ್ತು. ಹೆಡ್‌ಮಾಸ್ಟರು ಗುರುಮಲ್ಲಪ್ಪನವರು. ಮನುಷ್ಯ ಕೆಟ್ಟವರಲ್ಲ, ಆದರೆ ಗದ್ದಲವಾಗದಂತೆ ನೋಡಿಕೊಳ್ಳುವುದೇ ಆಡಳಿತ ಎಂದು ತಿಳಿದವರು. ಫರ್ಹಾನಾ ಹತ್ತಕ್ಕೆ ಬಂದ ವರ್ಷ ಚಾಮರಾಜನಗರದ ಒಂದು ಟ್ರಸ್ಟು ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿಭಾ ಪರೀಕ್ಷೆ ಶುರುಮಾಡಿತು. ಮೊದಲು ಬಂದ ಮಗುವಿಗೆ ನಗರದ ಕಾಲೇಜಿನಲ್ಲಿ ಪಿಯುಸಿ ಸೀಟು, ಜೊತೆಗೆ ಹಾಸ್ಟೆಲ್ಲು, ಎರಡೂ ಪುಕ್ಕಟೆ. ಪರೀಕ್ಷೆಯ ಉಸ್ತುವಾರಿ ಗುರುಮಲ್ಲಪ್ಪನವರದು. ನನ್ನನ್ನು ಕರೆದು ಹೇಳಿದರು: "ಮೇಡಂ, ನಿಮ್ ಕತೆ ಪುರಾಣ ಎಲ್ಲಾ ಸಾಕು. ನಲವತ್ತು ಈಡಿಯಮ್ಸು, ಎದುರಿಗೆ ಅರ್ಥ, ಎರಡು ಪುಟ ಮಾಡ್ಕೊಡಿ. ಎಲ್ಲಾ ಸ್ಕೂಲಿಗೂ ಹಂಚನ. ದಿನಾ ಪ್ರೇಯರಲ್ಲಿ ಕೂಗ್ಸನ."

ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಪಟ್ಟಿಯ ಕೆಳಗೆ ನನ್ನ ಹೆಸರು ಬರುತ್ತದೆ ಎಂದರು ನೋಡಿ, ಅದಕ್ಕೆ ಹಿಗ್ಗಿದೆ. ಕೈಯಲ್ಲಿ ಚೆನ್ನಾಗಿ ಬರೆದು ಡಿಟಿಪಿ ಅಂಗಡಿಗೆ ಕೊಟ್ಟೆ. ಟೈಪು ಮಾಡುವವನು ನುಡಿಗಟ್ಟುಗಳನ್ನೆಲ್ಲ ಮೊದಲು ಒಂದು ಸಾಲಿನಲ್ಲಿ ಇಳಿಸಿ, ಆಮೇಲೆ ಅರ್ಥಗಳನ್ನು ಪಕ್ಕದಲ್ಲಿ ಇಳಿಸಿದ. ಎರಡನೆಯ ಪುಟದ ಮೊದಲ ಅರ್ಥವೊಂದು ಬಿಟ್ಟುಹೋಯಿತು. ಉಳಿದವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಏರಿ ಕೂತವು. ಇಪ್ಪತ್ತೊಂದನೆಯದು 'ಕಾಲ್ ಆಫ್', ಅಂದರೆ ರದ್ದು ಮಾಡು. ಅದರ ಮುಂದೆ ಇಪ್ಪತ್ತೆರಡರ ಅರ್ಥವಾದ 'ಸಹಿಸಿಕೊಳ್ಳು' ಬಂತು. 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊಳ್ಳು, ಅದರ ಮುಂದೆ 'ನಿರಾಕರಿಸು' ಬಂತು. ಹೀಗೆ ಕೊನೆಯವರೆಗೂ. ನಲವತ್ತನೆಯದಕ್ಕೆ ಅರ್ಥ ಸಾಲದೆ ಹೋದಾಗ ಆ ಪುಣ್ಯಾತ್ಮ ಪುಟದ ಮೊದಲಿಗಿದ್ದದ್ದನ್ನೇ ಇನ್ನೊಮ್ಮೆ ಒತ್ತಿಬಿಟ್ಟ. ತಿದ್ದಲು ನನಗೆ ಕೊಟ್ಟಾಗ ಮೊದಲ ಪುಟ ಓದಿದೆ, ಎರಡನೆಯದನ್ನು ತಿರುವಿ ಕೆಳಗೆ ನನ್ನ ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿದೆ. "ಪ್ರಿಂಟ್ ತೆಗೀರಿ" ಎಂದೆ.

ಆಮೇಲೆ ನಡೆದದ್ದು ನಮ್ಮಲ್ಲಿ ಮಾತ್ರ ನಡೆಯುವಂಥದ್ದು. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಜಗಲಿಯ ಮೇಲೆ ನಿಂತು "ಟ್ವೆಂಟಿ ಒನ್, ಕಾಲ್ ಆಫ್" ಎಂದು ಕೂಗುತ್ತಿದ್ದ. ಕೆಳಗೆ ಇಡೀ ಶಾಲೆ "ಸಹಿಸಿಕೊಳ್ಳು" ಎಂದು ಒದರುತ್ತಿತ್ತು. "ಟ್ವೆಂಟಿ ತ್ರೀ, ಟರ್ನ್ ಡೌನ್." "ಗುಟ್ಟು ರಟ್ಟು ಮಾಡು." ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಬಿಎಡ್ ಮಾಡಿದವರು, ಎಂಎ ಮಾಡಿದವರು, ಎಲ್ಲ ಕೈಕಟ್ಟಿ ನಿಂತು ಕೇಳಿದೆವು. ನಾನೂ ಕೇಳಿದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಕ್ಕಳು ಎಷ್ಟು ಜೋರಾಗಿ ಹೇಳುತ್ತಾರೆ ಎಂಬುದೊಂದೇ ನನ್ನ ಗಮನದಲ್ಲಿತ್ತು.

ಪರೀಕ್ಷೆ ಆಯಿತು. ಹತ್ತು ನುಡಿಗಟ್ಟುಗಳಿಗೆ ಅರ್ಥ ಬರೆಯಿರಿ ಎಂಬ ಪ್ರಶ್ನೆಯನ್ನು ಗುರುಮಲ್ಲಪ್ಪನವರು ಪಟ್ಟಿಯ ಎರಡನೆಯ ಪುಟದಿಂದಲೇ ಎತ್ತಿದ್ದರು. ಮೌಲ್ಯಮಾಪನ ಹೇಗೆ ನಡೆಯುತ್ತದೆ ಎಂದು ಹೊಸಬರಿಗೆ ಹೇಳುತ್ತೇನೆ, ಕೇಳಿ. ಉದ್ದನೆಯ ಮೇಜು. ಸುತ್ತ ನಾವು ಏಳೆಂಟು ಜನ. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಬರೀ ನಂಬರು. ಅದೇ ಪಟ್ಟಿ ನೋಡಿ ಮಾಡಿದ ಕೀ ಉತ್ತರವನ್ನು ಒಬ್ಬರು ಓದುತ್ತಾರೆ: "ಒಂದನೇದು ಸಹಿಸಿಕೊಳ್ಳು, ಎರಡನೇದು ನಿರಾಕರಿಸು." ಉಳಿದವರು ಗೀಟು ಹಾಕುತ್ತಾ ಹೋಗುವುದು. ಪ್ರಶ್ನೆ ಪತ್ರಿಕೆಯನ್ನು ಯಾರೂ ಬಿಡಿಸಿಯೂ ನೋಡುವುದಿಲ್ಲ. ಊಟದ ಹೊತ್ತಿಗೆ ಬಂಡಲ್ ಮುಗಿಯಬೇಕು. ನನ್ನ ಕೈಗೆ ಬಂದ ಒಂದು ಪತ್ರಿಕೆಯಲ್ಲಿ ಆ ಹತ್ತೂ ಬೇರೆ ಇದ್ದವು. ಹತ್ತಕ್ಕೂ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದೆ. ಪಕ್ಕದವರಿಗೆ ತೋರಿಸಿ, "ನೋಡಿ, ಪಟ್ಟಿ ಕೊಟ್ರೂ ಓದಲ್ಲ ಇವು" ಎಂದು ಬೈದೆ ಕೂಡ.

ಫಲಿತಾಂಶದ ಹಾಳೆ ಅಂಟಿಸಿದ ದಿನ ಫರ್ಹಾನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಮಿಕ್ಕೆಲ್ಲ ವಿಷಯದಲ್ಲಿ ಅವಳೇ ಮುಂದು. ಇಂಗ್ಲಿಷಿನಲ್ಲಿ ಹಿಂದೆ ಬಿದ್ದು ಎರಡನೆಯವಳಾಗಿದ್ದಳು.

"ಮಿಸ್, ನಂಗೆ ಇಂಗ್ಲಿಷಲ್ಲಿ ಯಾಕೆ ಕಮ್ಮಿ ಬಂತು?"

"ಓದ್ಲಿಲ್ಲ, ಅದಕ್ಕೆ. ಲಿಸ್ಟ್ ಬಾಯಿಪಾಠ ಮಾಡಮ್ಮಿ ಅಂದ್ರೆ ಮಾಡಿದ್ಯಾ?"

"ಮಾಡಿದೀನಿ ಮಿಸ್. ಎರಡನೇ ಪೇಜು ಪೂರಾ ತಪ್ಪು. ಕಾಲ್ ಆಫ್ ಅಂದ್ರೆ ರದ್ದು ಮಾಡು ಅಂತ ಎಂಟನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ರಿ. ಲಿಸ್ಟಲ್ಲಿ ಬೇರೆ ಇದೆ."

"ಹಂಗಾದ್ರೆ ಲಿಸ್ಟಲ್ಲಿ ಇದ್ದಂಗೆ ಬರೀಬೇಕಿತ್ತು."

"ಪೇಪರ್ ನೋಡೋರು ನೀವು ಅಂತ ಗೊತ್ತಿತ್ತು ಮಿಸ್. ಅದಕ್ಕೇ ಸರಿಯಾದ್ದು ಬರ್ದೆ."

ಎದುರುತ್ತರ ಕೊಡುತ್ತೀಯಾ ಎಂದು ಅವಳನ್ನು ಆಚೆ ಕಳಿಸಿದೆ. ಆಮೇಲೆ ಬೀರುವಿನಿಂದ ಪಟ್ಟಿ ತೆಗೆದು ಎರಡನೆಯ ಪುಟ ಓದಿದೆ. ಆ ಪುಟವನ್ನು ನಾನು ಓದಿದ್ದು ಅದೇ ಮೊದಲು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಇಪ್ಪತ್ತೂ ತಪ್ಪು ಜಾಗದಲ್ಲಿದ್ದವು, ಕೆಳಗೆ ನನ್ನ ಹೆಸರೊಂದು ಸರಿಯಾದ ಜಾಗದಲ್ಲಿತ್ತು.

ಪಟ್ಟಿ ಹಿಡಿದುಕೊಂಡು ಗುರುಮಲ್ಲಪ್ಪನವರ ಕೋಣೆಗೆ ಹೋದೆ. ಅವರು ಒಂದು ಗಳಿಗೆ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗೇನ್ ಮಾಡನ ಅಂತೀರಿ ಮೇಡಂ? ಸರಿ ಉತ್ತರಕ್ಕೆ ಮಾರ್ಕ್ಸು ಅಂದ್ರೆ ಲಿಸ್ಟ್ ನಂಬ್ಕೊಂಡ್ ಬರೆದ ಮಕ್ಳೆಲ್ಲಾ ಸೊನ್ನೆ ಆಯ್ತವೆ. ಒಬ್ಳಿಗೋಸ್ಕರ ಎಲ್ರ ಬಾಯ್ಗೂ ಮಣ್ಣಾಕ್ತೀರಾ?"

"ಅವರ ತಪ್ಪಲ್ಲ, ಅವರಿಗಿರಲಿ. ಇವಳಿಗೂ ಕೊಡಿ ಸಾರ್. ಕೊಟ್ಟರೆ ಅವಳೇ ಮೊದಲು ಬರ್ತಾಳೆ."

"ಕೊಟ್ರೆ ಟ್ರಸ್ಟ್‌ನೋರು ಯಾಕೆ ಕೊಟ್ರಿ ಅಂತ ಕೇಳ್ತಾರೆ. ಲಿಸ್ಟೇ ತಪ್ಪು ಅಂತ ಬರ್ದುಕೊಡ್ಬೇಕಾಯ್ತದೆ. ಮೊದ್ಲು ಬಂದ ಮಗಾಗೆ ಹೇಳಿ ಆಗದೆ, ಹಾರ ತುರಾಯಿ ಎಲ್ಲಾ ಆಗೋಗದೆ." ಆಮೇಲೆ ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಕೆಳಗೆ ಬೆರಳಿಟ್ಟರು. "ಇಲ್ಲಿ ಹೆಸ್ರು ಇರಾದು ನಂದಲ್ಲ, ನಿಮ್ದು."

ಮಕ್ಕಳ ಮೇಲೆ ಹಾರಾಡುತ್ತಿದ್ದ ನನ್ನ ಸಿಟ್ಟು ಆ ಕೋಣೆಯಲ್ಲಿ ಎಲ್ಲಿ ಅಡಗಿತೋ ಗೊತ್ತಿಲ್ಲ. ಪಟ್ಟಿ ಮಡಚಿಕೊಂಡು ಬಂದೆ. ಇವತ್ತು ಗುರುಮಲ್ಲಪ್ಪನವರನ್ನು ಎಷ್ಟು ಬೈದರೂ ಅವರು ಅಂದು ನನ್ನ ಕೈ ಹಿಡಿದು ಕಟ್ಟಿರಲಿಲ್ಲ. ಟ್ರಸ್ಟಿನವರಿಗೆ ಒಂದು ಕಾಗದ ಬರೆಯಲು ನನಗೆ ಪೆನ್ನು ಇತ್ತು, ಕೈ ಇತ್ತು.

ಎರಡು ದಿನ ಬಿಟ್ಟು ಅನ್ವರ್ ಭಾಯ್ ಶಾಲೆಗೆ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ದಿನಾ ಚಾಮರಾಜನಗರಕ್ಕೆ ಹೋಗಿ ಬರುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ, ಹಾಸ್ಟೆಲ್ ಸಿಕ್ಕಿದ್ದರೆ ಆ ಮಾತೇ ಬೇರೆಯಿತ್ತು, ಈಗ ಓದು ಇಲ್ಲಿಗೇ ಬಿಡಿಸುತ್ತೇವೆ ಎಂದರು. "ನಂಗೆ ಅಕ್ಷರ ಬರಲ್ಲ ಮೇಡಂ. ಮಗ್ಳು ತನ್ದೇ ಸರಿ ಅಂತಾ ಅವ್ಳೆ. ನೀವು ಟೀಚರು, ನೀವು ಏನ್ ಹೇಳ್ತೀರೋ ಅದೇ ಸೈ."

ನಾನು ಏನು ಹೇಳಿದೆ ಗೊತ್ತೇ? "ಸ್ವಲ್ಪ ಇನ್ನೂ ಚೆನ್ನಾಗಿ ಓದಬೇಕಿತ್ತು ಭಾಯ್" ಎಂದೆ. ಅವರು ತಲೆಯಾಡಿಸಿ, ನಮಸ್ಕಾರ ಮಾಡಿ ಹೋದರು. ನನ್ನ ವೃತ್ತಿಯಲ್ಲಿ ನಾನಾಡಿದ ಅತಿ ಹೊಲಸು ಮಾತು ಅದೇ.

ಮುಂದಿನ ವರ್ಷ ಪಟ್ಟಿ ತಿದ್ದಬಹುದಿತ್ತು. ತಿದ್ದಿದರೆ ಹಿಂದಿನ ವರ್ಷದ್ದು ಬಯಲಾಗುತ್ತದಲ್ಲ. ಗುರುಮಲ್ಲಪ್ಪನವರು ತಿದ್ದಲಿಲ್ಲ, ನಾನೂ ಉಸಿರೆತ್ತಲಿಲ್ಲ. ನನ್ನ ತರಗತಿಯಲ್ಲಿ ಮಾತ್ರ ಗುಟ್ಟಾಗಿ, "ನಿಜವಾದ ಅರ್ಥ ಇದು, ಪರೀಕ್ಷೆಯಲ್ಲಿ ಪಟ್ಟಿಯಲ್ಲಿದ್ದಂತೆ ಬರೀರಿ" ಎಂದು ಹೇಳಿಕೊಟ್ಟೆ. ಸುಳ್ಳನ್ನು ಸುಳ್ಳೆಂದು ತಿಳಿದೇ ಬರೆಯುವುದನ್ನು ಕಲಿಸಿದೆ, ನೋಡಿ. ನಾನು ನಿವೃತ್ತಳಾದ ದಿನ ಶಾಲೆಯವರು ನನಗೆ ಗೌರವ ಎಂದು ಮಕ್ಕಳಿಂದ ಆ ಪಟ್ಟಿಯನ್ನೇ ಕೂಗಿಸಿದರು. ಹಾರ ಹಾಕಿಸಿಕೊಂಡು, ಫಲತಾಂಬೂಲದ ತಟ್ಟೆ ಹಿಡಿದು, 'ಕಾಲ್ ಆಫ್, ಸಹಿಸಿಕೊಳ್ಳು' ಎಂಬುದನ್ನು ಕೇಳುತ್ತಾ ನಗುನಗುತ್ತಾ ನಿಂತಿದ್ದೆ.

ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ಗೋಡೆಯ ಮೇಲೆ ಪರದೆ ಬಂದಿದೆ, ಕೈಯಲ್ಲಿ ಫೋನಿದೆ, ಒತ್ತಿದರೆ ಅರ್ಥ ಬರುತ್ತದೆ. ಬರಲಿ. ಬಂದದ್ದನ್ನು ಓದುವವರು ಯಾರು?

ನಾನು ರೇಗಿದ್ದಕ್ಕೆ ಸೌಮ್ಯ ಬೇಸರ ಮಾಡಿಕೊಳ್ಳದೆ ವಾರ ಬಿಟ್ಟು ಮತ್ತೆ ಬಂದಳು. "ಲಿಸ್ಟ್ ಸಿಕ್ತು ಮೇಡಂ. ಗುಂಡ್ಲುಪೇಟೆ ಫ್ರೆಂಡ್ ಒಬ್ಳು ಕೊಟ್ಲು. ನೀವು ಸರಿ ಇದೆಯಾ ಅಂತ ನೋಡಿಬಿಟ್ರೆ ಸಾಕು." ಎರಡನೆಯ ಪುಟ ತಿರುವಿದೆ. ಇಪ್ಪತ್ತೊಂದು, ಕಾಲ್ ಆಫ್, ರದ್ದು ಮಾಡು. ಇಪ್ಪತ್ತೆರಡು, ಪುಟ್ ಅಪ್ ವಿತ್, ಸಹಿಸಿಕೊಳ್ಳು. ನಲವತ್ತರವರೆಗೂ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಕೆಳಗೆ 'ಸಂಗ್ರಹ: ಮಂಗಳಮ್ಮ' ಎಂದು ಹಾಗೆಯೇ ಇತ್ತು. ಎಲ್ಲಿ ಮಾಡಿಸಿದ್ದು ಎಂದು ಕೇಳಿದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿ ಎಂದಳು.

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೇ ಹೋದೆ. ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತಿದ್ದವಳು ಫರ್ಹಾನಾ. ನನ್ನನ್ನು ನೋಡಿ ಸ್ಟೂಲು ಸರಿಸಿದಳು. "ಕೂತ್ಕೊಳಿ ಮಿಸ್. ಈದ್ ಕಾ ಚಾಂದ್ ಆಗಿಬಿಟ್ರಿ."

ನಾನು ಪಟ್ಟಿ ತೋರಿಸಿದೆ. "ಇದನ್ನ ತಿದ್ದಿದ್ದು ನೀನಾ?"

"ಹೂಂ ಮಿಸ್. ಅಂಗಡಿ ಹಾಕಿ ಮೂರು ವರ್ಷ ಆಯ್ತು. ಯಾವ ಟೀಚರ್ ಈ ಲಿಸ್ಟ್ ಕಾಪಿ ಮಾಡ್ಕೊಡಿ ಅಂತ ತಂದ್ರೂ, ಹಳೇದನ್ನ ಇಟ್ಕೊಂಡು ಇದನ್ನ ಕೊಟ್ಟು ಕಳಿಸ್ತೀನಿ."

"ಬದಲಾಗಿದೆ ಅಂತ ಯಾರೂ ಕೇಳಲಿಲ್ವಾ?"

"ಇವತ್ತಿನ್ ತನಕ ಒಬ್ರೂ ಕೇಳಿಲ್ಲ."

ತಪ್ಪಾಗಿದ್ದಾಗ ನೋಡದವರು ಸರಿಯಾದಾಗ ನೋಡುತ್ತಾರೆಯೇ? ಇಬ್ಬರು ಗಿರಾಕಿಗಳು ಬಂದು ಹೋದರು. ಆಮೇಲೆ ಹೇಳಿದೆ. "ಅವತ್ತು ನೀನು ಬರೆದದ್ದು ಸರಿ ಇತ್ತು ಕಣಮ್ಮಿ. ಅವತ್ತೇ ನಂಗೆ ಗೊತ್ತಾಯ್ತು. ನಿಮ್ಮ ಅಬ್ಬಾ ಬಂದಾಗಲೂ ಗೊತ್ತಿತ್ತು. ತಪ್ಪು ನಂದು."

ಅವಳು ಯಂತ್ರದ ಮುಚ್ಚಳ ಹಾಕಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಂಗೊತ್ತಿತ್ತು ಮಿಸ್. ಅಬ್ಬಾಗೆ ಗೊತ್ತಿರಲಿಲ್ಲ. 'ಮೇಡಂ ಸುಳ್ ಹೇಳ್ತಾರಾ, ನೀನೇ ಓದ್ಲಿಲ್ಲ' ಅಂತಿದ್ರು. ಹೋದ ವರ್ಷ ತೀರ್ಕೊಂಡ್ರು. ಕೊನೇವರ್ಗೂ ಹಂಗೇ ಅಂದ್ಕೊಂಡಿದ್ರು."

"ಈಗ ನಾನೇನು ಮಾಡಲಿ, ಹೇಳು."

"ನಂಗೆ ಹೇಳಿ ಏನ್ ಬಂತು ಮಿಸ್? ಹೊಸಬ್ರು ಬರ್ತಾರಲ್ಲ, ಅವ್ರಿಗೆ ಹೇಳಿ." ಅಷ್ಟು ಹೇಳಿ ಮುಂದಿನ ಗಿರಾಕಿಯ ಆಧಾರ್ ಕಾರ್ಡು ತೆಗೆದುಕೊಂಡಳು.

ಹಾಗಾಗಿ ಹೇಳಿದ್ದೇನೆ. ಸೌಮ್ಯ, ಪಟ್ಟಿ ಸರಿಯಾಗಿದೆ. ಆದರೂ ಅದನ್ನು ಕೂಗಿಸಬೇಡ. ನಿನ್ನ ಮಕ್ಕಳ ಮನೆಯಲ್ಲಿ ಏನಂತಾರೆ ಎಂದು ಕೇಳು. ಕೀ ಉತ್ತರ ಕೈಗೆ ಬಂದಾಗ ಮೊದಲು ಪ್ರಶ್ನೆ ಪತ್ರಿಕೆ ಬಿಡಿಸಿ ಓದು.

ಅನ್ವರ್ ಭಾಯ್, ನಿಮಗೆ ಅಕ್ಷರ ಬರುತ್ತಿರಲಿಲ್ಲ, ಈಗ ನೀವೂ ಇಲ್ಲ. ಆದರೂ ಬರೆದಿಡುತ್ತೇನೆ. ನಿಮ್ಮ ಮಗಳು ಚೆನ್ನಾಗಿ ಓದಿದ್ದಳು. ಅವಳು ಬರೆದ ಹತ್ತೂ ಉತ್ತರ ಸರಿಯಾಗಿದ್ದವು. ತಪ್ಪು ಹಾಕಿದವಳು ನಾನು.